ಹೊರದೇಶದ ಕಾರ್ಮಿಕ ಸಂಘಗಳ ನೆರವನ್ನು ನಮ್ಮ ಸಂಘ ಪಡೆಯಬಹುದೇ?

ಪ್ರಶ್ನೆ: ಕಾರವಾರ ಮತ್ತು ಅಂಕೋಲಾ ಭಾಗದಲ್ಲಿ ನಾವು ಚಿಕ್ಕದೊಂದು ನೋಂದಾಯಿತ ಸಂಘ ನಡೆಸುತ್ತಿದ್ದೇವೆ. ಮೀನುಗಾರಿಕಾ ಬೋಟುಗಳ ಖಲಾಸಿಗಳು, ಐಸ್ ಪ್ಲಾಂಟಿನ ಕೆಲಸಗಾರರು, ಬಂದರಿನಲ್ಲಿ ಮೀನು ವಿಂಗಡಿಸುವ ಮಹಿಳೆಯರು ಇದರ ಸದಸ್ಯರು. ಯುರೋಪಿನ ಕಾರ್ಮಿಕ ಸಂಘಗಳು ಸೇರಿ ಕಟ್ಟಿಕೊಂಡಿರುವ ಸಹಕಾರ ಸಂಸ್ಥೆಯೊಂದು ನಮಗೆ ಮೂರು ವರ್ಷ ಹಣ ಕೊಡುವುದಾಗಿ ಬರೆದಿದೆ. ಸಮುದ್ರ ಸುರಕ್ಷತೆಯ ತರಬೇತಿ, ಲೈಫ್ ಜಾಕೆಟ್, ಆರೋಗ್ಯ ತಪಾಸಣೆ ಮತ್ತು ಕಚೇರಿಯ ಪೂರ್ಣಾವಧಿ ಕಾರ್ಯಕರ್ತರೊಬ್ಬರ ಸಂಬಳ ಅದರಲ್ಲಿ ಸೇರಿವೆ. ಅಭಿವೃದ್ಧಿ ಕೆಲಸ ಎನ್‌ಜಿಒಗಳದ್ದು, ಸಂಘದ್ದಲ್ಲ ಎಂದು ಸಮಿತಿಯ ಕೆಲವರು ಹೇಳುತ್ತಿದ್ದಾರೆ. ಪರದೇಶದ ದುಡ್ಡು ಮುಟ್ಟಿದರೆ ಹೆಸರು ಕೆಡುತ್ತದೆ ಎಂಬುದು ಇನ್ನು ಕೆಲವರ ಮಾತು. ಅವರು ಯಾಕೆ ಕೊಡುತ್ತಾರೆ, ಆ ಹಣ ಯಾರದ್ದು, ಕಾನೂನು ಒಪ್ಪುತ್ತದೆಯೇ? ನಮ್ಮ ಗೌರವಾಧ್ಯಕ್ಷರನ್ನು ಬ್ಯಾಂಕಾಕ್‌ನ ತರಬೇತಿಗೂ ಕರೆದಿದ್ದಾರೆ. ಅವರು ಕೇಂದ್ರ ಸರಕಾರದ ಉದ್ಯಮವೊಂದರ ನೌಕರರು.

ಉತ್ತರ: ಮಾನ್ಯರೇ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಂಸ್ಥೆಯೊಂದಿಗೆ ಸಂಬಂಧ ಬೆಳೆಸಿಕೊಳ್ಳಿ, ಅವರ ಅನುಭವವನ್ನು ಧಾರಾಳವಾಗಿ ಪಡೆಯಿರಿ. ಆದರೆ ಕಾರ್ಯಕರ್ತರ ಸಂಬಳವನ್ನು ಅವರ ಹಣದಿಂದ ಕೊಡಬೇಡಿ, ಮತ್ತು ಕೇಂದ್ರ ಗೃಹ ಸಚಿವಾಲಯದ ಅನುಮತಿ ಕೈಗೆ ಬರುವ ತನಕ ಒಂದು ರೂಪಾಯಿಯನ್ನಾಗಲಿ ಒಂದು ಲೈಫ್ ಜಾಕೆಟನ್ನಾಗಲಿ ಸ್ವೀಕರಿಸಬೇಡಿ. ಹೀಗೆ ಹೇಳುವುದಕ್ಕೆ ಇರುವ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಅಭಿವೃದ್ಧಿ ಸಂಘದ ಕೆಲಸವಲ್ಲ ಎಂಬ ಮಾತನ್ನು ಉತ್ತರ ಕನ್ನಡದವರು ಒಪ್ಪಬೇಕಾಗಿಲ್ಲ. ಅಂಕೋಲಾದ ದಿನಕರ ದೇಸಾಯಿಯವರನ್ನು ನಾವು ಹೆಚ್ಚಾಗಿ ಚುಟುಕದ ಕವಿಯೆಂದು ನೆನೆಯುತ್ತೇವೆ. ಆದರೆ ಅವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿ ಮುಂಬೈಯಲ್ಲಿ ಹಡಗು ಕಾರ್ಮಿಕರನ್ನು ಸಂಘಟಿಸಿದವರು, ಈ ಜಿಲ್ಲೆಯಲ್ಲಿ ಗೇಣಿದಾರ ರೈತರ ಹೋರಾಟ ಕಟ್ಟಿದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆ ಕಾಲೇಜುಗಳನ್ನು ತೆರೆದವರು. ಕೂಲಿಯ ಬೇಡಿಕೆಯೂ ಮಕ್ಕಳ ಶಾಲೆಯೂ ಅವರಿಗೆ ಒಂದೇ ಕೆಲಸದ ಭಾಗಗಳಾಗಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಶಾಲೆಗಳನ್ನು ಅವರು ಟ್ರಸ್ಟಿನ ಮೂಲಕ ನಡೆಸಿದರು, ಕಾರ್ಮಿಕ ಸಂಘಟನೆಯನ್ನು ಸಂಘದ ಮೂಲಕ ನಡೆಸಿದರು. ಈ ಪ್ರತ್ಯೇಕತೆ ಇಂದಿನ ಕಾನೂನಿನಲ್ಲಿ ಎಷ್ಟು ಮುಖ್ಯವಾಗಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಸಂಘಗಳಿಲ್ಲದೆ ಅಭಿವೃದ್ಧಿಯ ಹಣ ಬಂದರೆ ಏನಾಗುತ್ತದೆ ಎಂಬುದಕ್ಕೂ ನಿಮ್ಮ ಬಂದರೇ ಸಾಕ್ಷಿ. ವಿಶ್ವಸಂಸ್ಥೆ, ನಾರ್ವೆ ಮತ್ತು ಭಾರತಗಳು 1952ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಇಂಡೋ-ನಾರ್ವೇಜಿಯನ್ ಮೀನುಗಾರಿಕಾ ಯೋಜನೆ ಕೊಲ್ಲಂ ಸಮೀಪದ ಹಳ್ಳಿಗಳಲ್ಲಿ ಆರಂಭವಾಯಿತು, 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಅದು ಒಬ್ಬ ದಾನಿ ದೇಶ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ನೆರವು, ಅದರಿಂದ ಯಂತ್ರದ ದೋಣಿ, ಐಸ್, ಶೀತಲೀಕರಣಗಳ ವಿದ್ಯೆ ಕರಾವಳಿಗೆ ದೊರೆಯಿತು. ಆದರೆ ಯಾವ ಬೋಟು ಬರಬೇಕು, ಅದು ಯಾರ ಕೈಯಲ್ಲಿರಬೇಕು, ದಡದಿಂದ ಎಷ್ಟು ದೂರದಲ್ಲಿ ಬಲೆ ಬಿಡಬೇಕು ಎಂಬ ಪ್ರಶ್ನೆಗಳನ್ನು ದಡದ ಮೇಲೆ ಬಲೆ ಎಳೆಯುವವರ ಮುಂದೆ ಯಾರೂ ಇಡಲಿಲ್ಲ. ಸಿಗಡಿಯ ರಫ್ತಿನ ಲಾಭದ ಹಿಂದೆ ಟ್ರಾಲರ್‌ಗಳು ಹೆಚ್ಚಿದವು, 1970ರ ದಶಕದ ನಡುವಿನಿಂದ ಬ್ಯಾಂಕ್ ಸಾಲದ ಬಲದಲ್ಲಿ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಇಡೀ ಕೇರಿಯ ಜನ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದ, ಬಂಗಡೆ ಬಂದರೆ ಎಲ್ಲರಿಗೂ ಪಾಲು ಸಿಗುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ಪಕ್ಕದ ಗೋವಾದಲ್ಲಿ ರಂಪಣಿಕಾರರು ಬೀದಿಗಿಳಿದ ಹೋರಾಟವೂ ಕೇರಳದ ಮೀನುಗಾರರ ಚಳವಳಿಯೂ ಕೂಡಿ ರಾಷ್ಟ್ರೀಯ ಮೀನುಗಾರರ ವೇದಿಕೆ ಹುಟ್ಟಿತು, ಮತ್ತು 1997ರಲ್ಲಿ ದೆಹಲಿಯಲ್ಲಿ ಮೀನು ಕಾರ್ಮಿಕರ ವಿಶ್ವ ವೇದಿಕೆ ರೂಪುಗೊಂಡಾಗ ಅದರ ಮುಂಚೂಣಿಯಲ್ಲಿ ಇದೇ ಕರಾವಳಿಯ ಜನರಿದ್ದರು. ಅಭಿವೃದ್ಧಿಯ ಹಣ ಎಲ್ಲಿಗೆ ಹೋಗಬೇಕೆಂದು ಹೇಳುವ ಅಧಿಕಾರ ದುಡಿಯುವವರ ಸಂಘಕ್ಕೆ ಇರಬೇಕೆಂಬ ವಾದದ ತಿರುಳು ಇದೇ ಆಗಿದೆ.

ಇನ್ನು ಅವರು ಯಾಕೆ ಕೊಡುತ್ತಾರೆ ಎಂಬ ಪ್ರಶ್ನೆ. ಇದರಲ್ಲಿ ಸೌಹಾರ್ದವೂ ಇದೆ, ಸ್ವಂತ ಹಿತವೂ ಇದೆ, ಮತ್ತು ಸ್ವಂತ ಹಿತ ಇರುವುದರಿಂದಲೇ ಆ ಸೌಹಾರ್ದವನ್ನು ನಂಬಬಹುದು ಎಂದು ನನಗೆ ಅನಿಸುತ್ತದೆ. ಹಡಗಿನ ಮಾಲೀಕರು ಅಗ್ಗದ ದೇಶದ ಧ್ವಜ ಏರಿಸಿ ಅಗ್ಗದ ನಾವಿಕರನ್ನು ನೇಮಿಸಿಕೊಳ್ಳತೊಡಗಿದಾಗ, 1896ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟವು 1948ರಿಂದ ಆ ಪದ್ಧತಿಯ ವಿರುದ್ಧ ಪ್ರಚಾರ ನಡೆಸಿತು. ನಮ್ಮ ನಾವಿಕನ ಸಂಬಳ ಏರದಿದ್ದರೆ ತಮ್ಮ ನಾವಿಕನ ಕೆಲಸ ಉಳಿಯುವುದಿಲ್ಲ ಎಂಬ ಅರಿವು ಯುರೋಪಿನವರಿಗೆ ಆಗ ಬಂದಿತ್ತು. ಕಾರ್ಮಿಕ, ಮಾಲೀಕ, ಸರಕಾರ ಮೂವರೂ ಕೂಡಿ ಕೂರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಸ್ಥಾಪನೆಯಾದದ್ದರ ಹಿಂದೆಯೂ ಇದೇ ತರ್ಕವಿತ್ತು. ಭಾರತ ಅದರ ಸ್ಥಾಪಕ ಸದಸ್ಯ ದೇಶ.

ಹಣ ಯಾರದ್ದು ಎಂಬುದು ಹೆಚ್ಚು ಸೂಕ್ಷ್ಮವಾದ ವಿಚಾರ. ಫಿನ್ಲೆಂಡಿನ ಸಾಸ್ಕ್, ಸ್ವೀಡನ್ನಿನ ಯೂನಿಯನ್ ಟು ಯೂನಿಯನ್, ನೆದರ್ಲೆಂಡ್ಸ್‌ನ ಎಫ್‌ಎನ್‌ವಿ ಮೊಂಡಿಯಾಲ್, ಡೆನ್ಮಾರ್ಕಿನ ಕಾರ್ಮಿಕ ಸಂಘಗಳ ಅಭಿವೃದ್ಧಿ ಸಂಸ್ಥೆ ಮೊದಲಾದವು ಸಂಘಗಳ ಸೊತ್ತು, ಆದರೆ ಅವು ಹಂಚುವ ಹಣದ ದೊಡ್ಡ ಪಾಲು ಆಯಾ ಸರಕಾರಗಳ ವಿದೇಶಿ ನೆರವಿನ ಬಜೆಟ್ಟಿನಿಂದ ಬರುತ್ತದೆ. ಸದಸ್ಯರ ವಂತಿಗೆಯಿಂದ ಕೂಡಿಸುವ ಪಾಲು ಚಿಕ್ಕದು. ಇದರಲ್ಲಿ ಅಕ್ರಮವೇನೂ ಇಲ್ಲ. ಆದರೆ ಅಲ್ಲಿ ಚುನಾವಣೆಯ ಗಾಳಿ ಬದಲಾದರೆ ಇಲ್ಲಿ ನಿಮ್ಮ ಕಚೇರಿಯ ದೀಪ ಆರುತ್ತದೆ ಎಂಬುದನ್ನು ತಿಳಿದಿರಬೇಕು. ಅಮೆರಿಕದ ಎಎಫ್‌ಎಲ್-ಸಿಐಒ ಒಕ್ಕೂಟದ ಸಾಲಿಡ್ಯಾರಿಟಿ ಸೆಂಟರ್ ಹೆಚ್ಚಾಗಿ ಸರಕಾರಿ ಅನುದಾನದ ಮೇಲೆ ನಡೆಯುತ್ತಿತ್ತು. 2025ರ ಆರಂಭದಲ್ಲಿ ಆ ಸರಕಾರ ವಿದೇಶಿ ನೆರವನ್ನು ತಡೆಹಿಡಿದು, ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿ, ಕಾರ್ಮಿಕ ಇಲಾಖೆಯ ಅಂತರರಾಷ್ಟ್ರೀಯ ಅನುದಾನಗಳನ್ನು ರದ್ದು ಮಾಡಿದಾಗ, ಹಲವು ದೇಶಗಳಲ್ಲಿ ಆ ಹಣವನ್ನೇ ನಂಬಿದ್ದ ಕಾರ್ಯಕ್ರಮಗಳು ವಾರಗಳೊಳಗೆ ನಿಂತವು.

ಹೆಸರು ಕೆಡುತ್ತದೆ ಎಂಬ ನಿಮ್ಮ ಹಿರಿಯ ಸದಸ್ಯರ ಆತಂಕಕ್ಕೂ ಚರಿತ್ರೆಯ ಆಧಾರವಿದೆ, ಅದನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಶೀತಲ ಸಮರದ ಕಾಲದಲ್ಲಿ ಎರಡೂ ಬಣಗಳು ಬಡ ದೇಶಗಳ ಸಂಘಗಳನ್ನು ತಮ್ಮತ್ತ ಎಳೆದುಕೊಳ್ಳಲು ಹಣ, ಪ್ರವಾಸ, ತರಬೇತಿಗಳನ್ನು ಸುರಿದವು. ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲಿ, ಭಾರತೀಯ ಮೂಲದ ಚೆಡ್ಡಿ ಜಗನ್ ಅವರ ಚುನಾಯಿತ ಸರಕಾರದ ವಿರುದ್ಧ 1963ರಲ್ಲಿ 80 ದಿನ ನಡೆದ ಮುಷ್ಕರಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆಯ ಹಣ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಂದರ ಹೆಸರಿನಲ್ಲೇ ಹರಿದಿತ್ತು. 1967ರಲ್ಲಿ ಇಂಥ ವ್ಯವಹಾರಗಳು ಪತ್ರಿಕೆಗಳಲ್ಲಿ ಬಯಲಾದವು. ಮುಷ್ಕರ ಹೂಡಿದ್ದ ಸಾಮಾನ್ಯ ಕಾರ್ಮಿಕರಿಗೆ ತಮ್ಮ ಅಕ್ಕಿ ಬೇಳೆಯ ದುಡ್ಡು ಎಲ್ಲಿಂದ ಬಂತೆಂದು ಗೊತ್ತೇ ಇರಲಿಲ್ಲ. ಇದಾದ ಮೇಲೆ ಕಾರ್ಮಿಕ ಚಳವಳಿ ತನ್ನನ್ನು ತಿದ್ದಿಕೊಳ್ಳಲು ಪ್ರಯತ್ನಿಸಿದೆ. 2006ರಲ್ಲಿ ವಿಯೆನ್ನಾದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಗಳ ಮಹಾಒಕ್ಕೂಟವು ಅಭಿವೃದ್ಧಿ ಸಹಕಾರಕ್ಕಾಗಿ ತನ್ನದೇ ಜಾಲವೊಂದನ್ನು ಕಟ್ಟಿ, ಪಾಲುದಾರ ಸಂಘದ ಸ್ವಾಯತ್ತತೆ, ಪಾರದರ್ಶಕತೆ, ಉತ್ತರದಾಯಿತ್ವ, ಪ್ರಜಾಸತ್ತಾತ್ಮಕ ಒಡೆತನಗಳನ್ನು ಒಳಗೊಂಡ ತತ್ವಗಳನ್ನು ಒಪ್ಪಿಕೊಂಡಿದೆ. ನಿಮಗೆ ಪತ್ರ ಬರೆದ ಸಂಸ್ಥೆಯನ್ನು ಈ ತತ್ವಗಳ ಹೆಸರು ಹಿಡಿದೇ ಪ್ರಶ್ನಿಸಬಹುದು, ಹಾಗೆ ಪ್ರಶ್ನಿಸುವುದರಲ್ಲಿ ಸಂಕೋಚ ಬೇಡ. ಮೀನುಗಾರರ ನಾಯಕ ಥಾಮಸ್ ಕೋಚೇರಿಯವರು 1999ರಲ್ಲಿ ತಮಗೆ ಬಂದ, ಸಮುದ್ರ ಸಂರಕ್ಷಣೆಗಾಗಿ ಕೊಡುವ ಪ್ಯೂ ಪ್ರಶಸ್ತಿಯನ್ನು, ಅದರ ಹಣದ ಮೂಲ ತೈಲ ಕಂಪನಿಯೆಂಬ ಕಾರಣಕ್ಕೆ ನಿರಾಕರಿಸಿದರು. ಹಣದ ಮೂಲ ಕೇಳುವ ಪರಂಪರೆ ನಿಮ್ಮ ಕಸುಬಿನ ಸಂಘಟನೆಯಲ್ಲೇ ಇದೆ.

ಹಾಗಾದರೆ ಇಂಥ ನೆರವಿನಿಂದ ಒಳ್ಳೆಯದು ಆಗಿಯೇ ಇಲ್ಲವೇ? ಆಗಿದೆ, ಮತ್ತು ನಿಮ್ಮ ಸ್ಥಿತಿಗೆ ತೀರ ಹತ್ತಿರವಾದ ಉದಾಹರಣೆ ಗುಜರಾತಿನ ಅಲಂಗ್. ಹಳೆಯ ಹಡಗುಗಳನ್ನು ಒಡೆಯುವ ಆ ಕಡಲತೀರದಲ್ಲಿ ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕಾರ್ಮಿಕರನ್ನು ಸಂಘಟಿಸಲು ಯಾರಿಗೂ ಸಾಧ್ಯವಾಗಿರಲಿಲ್ಲ. 2003ರ ಸುಮಾರಿಗೆ ಮುಂಬೈ ಬಂದರು ಕಾರ್ಮಿಕರ ಸಂಘವೊಂದು, ಲೋಹ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಮತ್ತು ಡಚ್ ಎಫ್‌ಎನ್‌ವಿಯ ನೆರವಿನೊಂದಿಗೆ ಅಲ್ಲಿಗೆ ಹೋಯಿತು. ಅವರು ಕೂಲಿಯ ಬೇಡಿಕೆಯಿಂದ ಶುರು ಮಾಡಲಿಲ್ಲ. ಕುಡಿಯುವ ನೀರು ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಯಂಥ ಕೆಲಸಗಳಿಂದ ವಿಶ್ವಾಸ ಗಳಿಸಿದರು. ಊರು ಬಿಟ್ಟು ಬಂದವನಿಗೆ ಸಂಘದ ಗುರುತಿನ ಚೀಟಿಯೇ ಒಂದು ದೊಡ್ಡ ಆಸರೆಯಾಯಿತು. ಆಮೇಲೆ ಸದಸ್ಯತ್ವ ಬೆಳೆಯಿತು. ಇಲ್ಲಿ ಹೊರಗಿನ ಹಣ ಮೊದಲ ಬಾಗಿಲು ತೆರೆಯಲು ಬಳಕೆಯಾಯಿತು, ಆದರೆ ಕೆಲಸದ ಹೊಣೆ ದಶಕಗಳಿಂದ ಸ್ವಂತ ವಂತಿಗೆಯ ಮೇಲೆ ನಿಂತಿದ್ದ ಸಂಘದ ಮೇಲಿತ್ತು.

ಥಾಯ್ಲೆಂಡಿನ ಉದಾಹರಣೆಯನ್ನೂ ಹೇಳಬೇಕು, ನಿಮ್ಮನ್ನು ಬ್ಯಾಂಕಾಕ್‌ಗೆ ಕರೆದಿರುವ ಹಿನ್ನೆಲೆ ಬಹುಶಃ ಅದೇ. ಅಲ್ಲಿನ ಮೀನು ಬೋಟುಗಳಲ್ಲಿ ಬರ್ಮಾ ಮತ್ತು ಕಾಂಬೋಡಿಯಾದ ವಲಸಿಗರನ್ನು ಜೀತದಂತೆ ದುಡಿಸುತ್ತಿದ್ದುದು ಜಗತ್ತಿಗೆ ತಿಳಿದ ಮೇಲೆ, ಐರೋಪ್ಯ ಒಕ್ಕೂಟವು ಅಕ್ರಮ ಮೀನುಗಾರಿಕೆಯ ಕಾರಣಕ್ಕೆ 2015ರಲ್ಲಿ ಆ ದೇಶಕ್ಕೆ ಹಳದಿ ಕಾರ್ಡಿನ ಎಚ್ಚರಿಕೆ ಕೊಟ್ಟಿತು, ಜೊತೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೂಲಕ ಸುಧಾರಣೆಗೆ ಹಣವನ್ನೂ ಕೊಟ್ಟಿತು. ಸಾರಿಗೆ ಕಾರ್ಮಿಕರ ಒಕ್ಕೂಟವು ಬಂದರುಗಳಲ್ಲಿ ವಲಸೆ ಮೀನುಗಾರರ ಜಾಲ ಕಟ್ಟಿತು. 2019ರಲ್ಲಿ ಥಾಯ್ಲೆಂಡ್, ಮೀನುಗಾರಿಕೆಯ ಕೆಲಸದ ಬಗೆಗಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 188ನೆಯ ಒಡಂಬಡಿಕೆಯನ್ನು ಏಷ್ಯಾದಲ್ಲೇ ಮೊದಲು ಅನುಮೋದಿಸಿತು. 2007ರ ಈ ಒಡಂಬಡಿಕೆಯ ಪ್ರಕಾರ ಖಲಾಸಿಗೆ ಲಿಖಿತ ಕೆಲಸದ ಕರಾರು ಇರಬೇಕು. ಮೂರು ದಿನಕ್ಕಿಂತ ಹೆಚ್ಚು ಕಡಲಲ್ಲಿ ಉಳಿಯುವ ಬೋಟಿನಲ್ಲಿ 24 ಗಂಟೆಗೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಭಾರತ ಇದನ್ನು ಇನ್ನೂ ಅನುಮೋದಿಸಿಲ್ಲ. ಹರಾಜಾದ ಮೀನಿನ ಹಣದಲ್ಲಿ ಡೀಸೆಲ್, ಐಸ್, ರೇಶನ್ ಕಳೆದು ಉಳಿದುದರಲ್ಲಿ ಪಾಲು ಪಡೆಯುವ ನಿಮ್ಮ ಬೈತಖೋಲ ಬಂದರಿನ ಖಲಾಸಿಯ ಕೈಯಲ್ಲಿ, ತಾನು ಯಾವ ಬೋಟಿನಲ್ಲಿ ಯಾವ ಷರತ್ತಿನ ಮೇಲೆ ಕೆಲಸಕ್ಕಿದ್ದೇನೆ ಎಂದು ತೋರಿಸುವ ಒಂದು ಚೀಟಿಯಾದರೂ ಇರುವುದು ಅಪರೂಪ. ಈ ವಿಷಯದಲ್ಲಿ ಅವರಿಂದ ಕಲಿಯುವುದು ಬೇಕಾದಷ್ಟಿದೆ.

ಈಗ ಕಾನೂನು. 1976ರಲ್ಲಿ ಮೊದಲು ಬಂದು 2010ರಲ್ಲಿ ಹೊಸದಾಗಿ ರೂಪುಗೊಂಡ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯು, ಅಂದರೆ ಎಫ್‌ಸಿಆರ್‌ಎ, ವಿದೇಶಿ ಮೂಲ ಎಂದರೇನೆಂದು ವಿವರಿಸುವಾಗ ವಿದೇಶದ ಟ್ರೇಡ್ ಯೂನಿಯನ್ನನ್ನು ಹೆಸರಿಸಿಯೇ ಸೇರಿಸಿದೆ. ಆದ್ದರಿಂದ ಅವರು ಕೊಡುವ ಹಣ ಮಾತ್ರವಲ್ಲದೆ ಸಂಘಕ್ಕೆ ಕಳಿಸುವ ಲೈಫ್ ಜಾಕೆಟ್, ವೈದ್ಯಕೀಯ ಉಪಕರಣಗಳೂ ವಿದೇಶಿ ವಂತಿಗೆಯೇ ಆಗುತ್ತವೆ. ರಾಜಕೀಯ ಪಕ್ಷಗಳಿಗೆ ಇರುವಂತೆ ರಾಜಕೀಯ ಸ್ವರೂಪದ ಸಂಘಟನೆಗಳಿಗೂ ಇದು ಪೂರ್ಣ ನಿಷಿದ್ಧ. ರಾಜಕೀಯ ಗುರಿಗಳನ್ನು ಮುನ್ನಡೆಸುವ ಚಟುವಟಿಕೆಯನ್ನು ತನ್ನ ಉದ್ದೇಶಗಳಲ್ಲಿ ಸೇರಿಸಿಕೊಂಡಿರುವ ಟ್ರೇಡ್ ಯೂನಿಯನ್ ಈ ವರ್ಗಕ್ಕೆ ಬರುತ್ತದೆ ಎಂದು ನಿಯಮಗಳು ಹೇಳುತ್ತವೆ. ಬಂದ್, ಹರತಾಳ, ರಸ್ತೆ ತಡೆಗಳನ್ನು ರೂಢಿಯಾಗಿ ಮಾಡುವ ಸಂಘಟನೆಯನ್ನೂ ಹೀಗೆಯೇ ಪರಿಗಣಿಸಬಹುದಾಗಿತ್ತು. ಆದರೆ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ರಾಜಕೀಯ ಗುರಿಯಿಲ್ಲದೆ ಜನರ ಹಕ್ಕಿಗಾಗಿ ಹೋರಾಡುವವರನ್ನು ಬೆಂಬಲಿಸಿದ ಮಾತ್ರಕ್ಕೆ ಸಂಸ್ಥೆಯೊಂದನ್ನು ರಾಜಕೀಯ ಸ್ವರೂಪದ್ದೆಂದು ಶಿಕ್ಷಿಸುವಂತಿಲ್ಲ ಎಂದು ಆ ನಿಯಮವನ್ನು ಕಿರಿದುಗೊಳಿಸಿತು. ಅದೇ ವರ್ಷ ಸರಕಾರ ನಿಯಮವನ್ನು ತಿದ್ದಿ, ಸಕ್ರಿಯ ರಾಜಕೀಯ ಅಥವಾ ಪಕ್ಷ ರಾಜಕೀಯದಲ್ಲಿ ತೊಡಗಿದ್ದರೆ ಎಂಬ ಷರತ್ತನ್ನು ಸೇರಿಸಿತು. ಹಾಗಾಗಿ ನಿಮ್ಮ ಮೊದಲ ಕೆಲಸ ಸಂಘದ ಬೈಲಾ ತೆಗೆದು ಉದ್ದೇಶಗಳ ಕಲಮನ್ನು ಓದುವುದು, ಎರಡನೆಯದು ನಿಮ್ಮ ಸಂಘ ಸೇರಿಕೊಂಡಿರುವ ಕೇಂದ್ರ ಸಂಘಟನೆಗೂ ಯಾವುದಾದರೂ ಪಕ್ಷಕ್ಕೂ ಇರುವ ನಂಟನ್ನು ಪ್ರಾಮಾಣಿಕವಾಗಿ ನೋಡುವುದು. ಅಲ್ಲಿ ಪಕ್ಷದ ನೆರಳಿದ್ದರೆ ಈ ವಿಚಾರವನ್ನು ಅಲ್ಲಿಗೇ ಬಿಡಿ.

ನೆರಳಿಲ್ಲದಿದ್ದರೂ ದಾರಿ ಸುಲಭವಾಗಿಲ್ಲ. ಐದು ವರ್ಷದ ಅವಧಿಯ ನೋಂದಣಿಗೆ ಸಂಸ್ಥೆ ಕನಿಷ್ಠ ಮೂರು ವರ್ಷ ನಡೆದಿರಬೇಕು ಮತ್ತು ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಮುಖ್ಯ ಚಟುವಟಿಕೆಗೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಖಲಾಸಿಗಳ ಸಂಘಕ್ಕೆ ಇದು ಎಟುಕದ ಮಾತು. ಒಬ್ಬ ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಮೊತ್ತಕ್ಕೆ ಪೂರ್ವಾನುಮತಿ ಕೇಳುವುದು ಇನ್ನೊಂದು ದಾರಿ, ನೀವು ಕೇಳುವುದಾದರೆ ಅದನ್ನೇ ಕೇಳಬೇಕು. ಸಿಕ್ಕರೂ ಹಣ ಮೊದಲು ಬಂದು ಬೀಳಬೇಕಾದ್ದು ನವದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಪ್ರತ್ಯೇಕ ಖಾತೆಗೆ. ಆಡಳಿತ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ, ಪ್ರತಿ ವರ್ಷ ವಿವರಪಟ್ಟಿ ಸಲ್ಲಿಸಬೇಕು. ಉಲ್ಲಂಘನೆಗೆ ಐದು ವರ್ಷದವರೆಗೆ ಸೆರೆವಾಸವಿದೆ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಎಚ್ಚರಿಸುವುದು ನನ್ನ ಕರ್ತವ್ಯ. ನೋಂದಣಿ ಇರುವ ಪರಿಚಯದ ಎನ್‌ಜಿಒ ಒಂದು ಹಣ ತರಿಸಿಕೊಂಡು ನಮಗೆ ಕೊಡಲಿ ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. 2020ರ ಸೆಪ್ಟೆಂಬರ್‌ನ ತಿದ್ದುಪಡಿಯ ನಂತರ ವಿದೇಶಿ ವಂತಿಗೆಯನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದು ಸಂಪೂರ್ಣ ನಿಷೇಧವಾಗಿದೆ, ಆ ತಿದ್ದುಪಡಿಗಳನ್ನು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ನೋಂದಾಯಿತ ಸಂಸ್ಥೆಯೇ ತನ್ನ ಹೆಸರಿನಲ್ಲಿ, ತನ್ನ ಲೆಕ್ಕದಲ್ಲಿ, ತನ್ನ ಉದ್ದೇಶಗಳಿಗೆ ಅನುಗುಣವಾಗಿ ತರಬೇತಿ ನಡೆಸಿದರೆ ನಿಮ್ಮ ಸದಸ್ಯರು ಅದರಲ್ಲಿ ಭಾಗವಹಿಸಲು ತೊಡಕಿಲ್ಲ. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಸ್ಥಾಪಿಸಿದ, ಸ್ವಯಂ ಉದ್ಯೋಗಿ ಮಹಿಳೆಯರ ‘ಸೇವಾ’ ಎಂಬ ಸಂಘಟನೆಯು ಯೂನಿಯನ್ ಒಂದು ಕಡೆ, ಬ್ಯಾಂಕು, ಸಹಕಾರಿಗಳು, ಟ್ರಸ್ಟುಗಳು ಇನ್ನೊಂದು ಕಡೆ ಎಂದು ಬೇರೆ ಬೇರೆ ಕಾನೂನು ರೂಪಗಳನ್ನು ಇಟ್ಟುಕೊಂಡದ್ದರ ಜಾಣ್ಮೆ ಇಲ್ಲಿ ಅರ್ಥವಾಗುತ್ತದೆ.

ಇದಕ್ಕೆ ಹೋಲಿಸಿದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ದಾರಿ ಸಲೀಸು. ವಿಶ್ವಸಂಸ್ಥೆ ಮತ್ತು ಅದರ ವಿಶೇಷ ಸಂಸ್ಥೆಗಳು ಈ ಕಾಯ್ದೆಯ ವಿದೇಶಿ ಮೂಲದ ವ್ಯಾಖ್ಯೆಯಿಂದ ಹೊರಗಿವೆ. ಆ ಸಂಸ್ಥೆ 1928ರಿಂದ ಭಾರತದಲ್ಲಿ ಕಚೇರಿ ಹೊಂದಿದೆ, ಆದರೆ ಅದು ಸಾಮಾನ್ಯವಾಗಿ ಕೇಂದ್ರ ಸಂಘಟನೆಗಳ ಮೂಲಕವೇ ವ್ಯವಹರಿಸುತ್ತದೆ. ನಿಮ್ಮ ಒಕ್ಕೂಟದ ರಾಜ್ಯ ಸಮಿತಿಗೆ ಒಂದು ಠರಾವು ಕಳಿಸಿ, ಮೀನುಗಾರಿಕಾ ಕಾರ್ಮಿಕರ ತರಬೇತಿಯ ಬೇಡಿಕೆಯನ್ನು ಮೇಲಕ್ಕೆ ತಲುಪಿಸಲು ಒತ್ತಾಯಿಸಿ. ಗಲ್ಫಿನಲ್ಲಿರುವ ನಿಮ್ಮ ಕಡೆಯ ಬಂಧುಗಳ ವಿಚಾರವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಭಟ್ಕಳ, ಹೊನ್ನಾವರದ ಕಡೆಯಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ: ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ದೇಣಿಗೆ ವಿದೇಶಿ ವಂತಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರ ದೇಣಿಗೆ ಮಾತ್ರ ವಿದೇಶಿ ವಂತಿಗೆ.

ಕಾರ್ಯಕರ್ತರ ಸಂಬಳದ ಬಗ್ಗೆ ನಾನು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾನೂನಿಗಿಂತ ದೊಡ್ಡ ಕಾರಣವಿದೆ. ಬೋಟು ದಡಕ್ಕೆ ಬಂದು ಪಾಲು ಹಂಚುವ ಹೊತ್ತಿಗೆ ಕಾದು ನಿಂತು, ಖಲಾಸಿಯಿಂದ ಹತ್ತೋ ಇಪ್ಪತ್ತೋ ರೂಪಾಯಿ ಪಡೆದು ರಸೀದಿ ಹರಿದು ಕೊಡುವವನಿಗೆ ಆ ನಿಮಿಷದಲ್ಲೇ ಸಂಘದ ಮೇಲಿನ ದೂರುಗಳೆಲ್ಲ ಕೇಳಿಸುತ್ತವೆ: ಆಸ್ಪತ್ರೆಯ ಬಿಲ್ಲು ಬಂದಿಲ್ಲ, ತಾಂಡೇಲ (ಬೋಟಿನ ಮುಖ್ಯಸ್ಥ) ಬೈದ, ಐಸಿನ ಲೆಕ್ಕ ಸರಿಯಿಲ್ಲ. ಸಂಬಳ ಯುರೋಪಿನಿಂದ ಬರತೊಡಗಿದರೆ ರಸೀದಿ ಪುಸ್ತಕ ಹಿಡಿದು ಬಂದರಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲ, ಕಾರ್ಯಕರ್ತರ ದಿನವೆಲ್ಲ ದಾನಿಗೆ ವರದಿ ಬರೆಯುವುದರಲ್ಲಿ ಕಳೆಯುತ್ತದೆ. ಒಳ್ಳೆಯ ಸಂಘಗಳು ಹೀಗೆ ಬರಿದಾದದ್ದನ್ನು ಕಂಡು ನನಗೆ ನೋವಾಗಿದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಒಡಿಶಾ, ಜಾರ್ಖಂಡ್‌ಗಳ ಖಲಾಸಿಗಳು ಊರಿಗೆ ಹೋಗಿರುತ್ತಾರೆ, ಆಗ ವಂತಿಗೆ ನಿಲ್ಲುತ್ತದೆ ಎಂಬುದು ನಿಜ. ಅದಕ್ಕೆ ಋತುವಿನ ಹತ್ತು ತಿಂಗಳಲ್ಲಿ ವರ್ಷದ ವಂತಿಗೆ ಪೂರ್ತಿಯಾಗುವಂತೆ ದರ ನಿಗದಿಪಡಿಸಿ, ಪೂರ್ಣಾವಧಿಗೆ ಸಾಲದಿದ್ದರೆ ಅರ್ಧ ದಿನದ ಕಾರ್ಯಕರ್ತರೇ ಸಾಕು.

ಲೈಫ್ ಜಾಕೆಟ್ ಮತ್ತು ಆರೋಗ್ಯಕ್ಕೆ ದೇಶದೊಳಗಿನ ಹಣವನ್ನೇ ಮೊದಲು ಹುಡುಕಿ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಮರಣಕ್ಕೆ ಅಥವಾ ಸಂಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ ರೂಪಾಯಿ ಇದೆ, ಕಂತನ್ನು ಸರಕಾರಗಳೇ ಕಟ್ಟುತ್ತವೆ. ಹೆಸರು ನೋಂದಾಯಿಸಿಲ್ಲದ ವಲಸೆ ಖಲಾಸಿ ಇದರಿಂದ ಹೊರಗುಳಿಯುತ್ತಾನೆ. ಪ್ರತಿ ಬೋಟಿನ ಹೆಸರುಪಟ್ಟಿ ತಯಾರಿಸಿ ಮೀನುಗಾರಿಕೆ ಇಲಾಖೆಗೆ ಕೊಡುವುದು ಈ ವರ್ಷವೇ ನೀವು ಮಾಡಬಹುದಾದ ಅಭಿವೃದ್ಧಿ ಕೆಲಸ. ಕಾರ್ಮಿಕ ಶಿಕ್ಷಣಕ್ಕೆ 1958ರಲ್ಲಿ ಆರಂಭವಾದ, ಈಗ ದತ್ತೋಪಂತ ಠೇಂಗಡಿಯವರ ಹೆಸರು ಹೊತ್ತಿರುವ ರಾಷ್ಟ್ರೀಯ ಮಂಡಳಿಯಿದೆ, ಅದಕ್ಕೂ ಅರ್ಜಿ ಹಾಕಿ.

ಬ್ಯಾಂಕಾಕ್ ಪ್ರವಾಸದ ಬಗ್ಗೆ ಹೇಳುವುದಾದರೆ, ಟಿಕೆಟ್, ವಸತಿ, ಊಟಗಳನ್ನು ವಿದೇಶಿ ಸಂಸ್ಥೆ ಭರಿಸಿದರೆ ಅದು ಕಾಯ್ದೆಯ 6ನೆಯ ಕಲಮಿನಡಿ ವಿದೇಶಿ ಆತಿಥ್ಯ. ಸರಕಾರದ ಒಡೆತನ ಅಥವಾ ನಿಯಂತ್ರಣದ ಸಂಸ್ಥೆಯ ನೌಕರರು ಇದಕ್ಕೆ ಕೇಂದ್ರ ಸರಕಾರದ ಪೂರ್ವಾನುಮತಿ ಪಡೆಯಲೇಬೇಕು, ಸಂಘದ ಪದಾಧಿಕಾರಿಯಾಗಿ ಹೋಗುತ್ತೇನೆ ಎಂದರೂ ವಿನಾಯಿತಿಯಿಲ್ಲ. ಜೊತೆಗೆ ತಮ್ಮ ಉದ್ಯಮದ ಅನುಮತಿಯೂ ಬೇಕು. ಖಲಾಸಿಗೆ ಅಥವಾ ಮೀನು ವಿಂಗಡಿಸುವ ಮಹಿಳೆಗೆ ಈ ಕಲಮು ಅನ್ವಯಿಸುವುದಿಲ್ಲ. ಆದ್ದರಿಂದ ಗೌರವಾಧ್ಯಕ್ಷರ ಬದಲು ಬೋಟಿನ ಮೇಲೆ ದುಡಿಯುವ ಒಬ್ಬರನ್ನೂ ಐಸ್ ಪ್ಲಾಂಟಿನ ಅಥವಾ ಬಂದರಿನ ಒಬ್ಬ ಮಹಿಳೆಯನ್ನೂ ಸಮಿತಿಯ ಠರಾವಿನ ಮೂಲಕ ಆರಿಸಿ ಕಳಿಸಿ. ಭಾಷಾಂತರಕ್ಕೆ ಒಬ್ಬರನ್ನು ಒದಗಿಸುವಂತೆ ಆ ಸಂಸ್ಥೆಯನ್ನೇ ಕೇಳಿ, ಆ ಪತ್ರದಲ್ಲೇ ಮೂರು ವರ್ಷದ ಹಣದಲ್ಲಿ ಸರಕಾರದ ಪಾಲೆಷ್ಟು, ಸಂಘಗಳ ಪಾಲೆಷ್ಟು, ನಡುವೆ ನಿಂತರೆ ಹೊಣೆ ಯಾರದು ಎಂದು ಲಿಖಿತ ಉತ್ತರವನ್ನೂ ಕೋರಿ. ಉತ್ತರ ಬಂದ ಮೇಲೆ ಅದನ್ನು ಕನ್ನಡ ಮತ್ತು ಕೊಂಕಣಿಯಲ್ಲಿ ಮಹಾಸಭೆಯ ಮುಂದೆ ಓದಿ, ಪೂರ್ವಾನುಮತಿಗೆ ಅರ್ಜಿ ಹಾಕಬೇಕೋ ಬೇಡವೋ ಎಂಬುದನ್ನು ಅಲ್ಲಿಯೇ ತೀರ್ಮಾನಿಸಿ.